ಇ-ಕೋರ್ಟ್ಸ್ ಆ್ಯಪ್: ತಾರೀಖು ಅದು ಹೇಳುತ್ತದೆ, ಫೋನ್ ನಾವೇ ಮಾಡಬೇಕು

ಬೆಂಗಳೂರಿನ ಗಾಂಧಿನಗರದಲ್ಲಿ ನಮ್ಮದು ವಕೀಲರ ಪುಟ್ಟ ಆಫೀಸು. ಸೀನಿಯರ್, ನಾನು, ಒಬ್ಬರು ಗುಮಾಸ್ತರು, ಅಷ್ಟೇ. ಮೂರು ವರ್ಷದಿಂದ ‘ಇ-ಕೋರ್ಟ್ಸ್ ಸರ್ವೀಸಸ್’ ಆ್ಯಪ್ ದಿನಾ ಬಳಸುತ್ತಿದ್ದೇನೆ. ಒಂದು ರೂಪಾಯಿ ಖರ್ಚಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ತಾರೀಖು, ಕೇಸು ಯಾವ ಹಂತದಲ್ಲಿದೆ, ಹಿಂದೆ ಏನೇನಾಯಿತು, ಎಲ್ಲಾ ಕಾಣುತ್ತದೆ. ‘ಮೈ ಕೇಸಸ್’ನಲ್ಲಿ ಸೇವ್ ಮಾಡಿಟ್ಟರೆ ಮತ್ತೆ ಹುಡುಕಬೇಕಿಲ್ಲ. ಮೊದಲೆಲ್ಲ ಒಂದು ತಾರೀಖು ಬರೆದುಕೊಳ್ಳಲು ಗುಮಾಸ್ತರು ಸಿಟಿ ಸಿವಿಲ್ ಕೋರ್ಟಿನಿಂದ ಮೇಯೋ ಹಾಲ್‌ಗೆ, ಅಲ್ಲಿಂದ ಸಿದ್ದಯ್ಯ ರಸ್ತೆಯ ಫ್ಯಾಮಿಲಿ ಕೋರ್ಟಿಗೆ ಓಡುತ್ತಿದ್ದರು. ಹಾಂ, ಸೇವ್ ಮಾಡಿದ ಪಟ್ಟಿ ಫೋನಿನಲ್ಲೇ ಇರುತ್ತದೆ. ಫೋನ್ ಬದಲಿಸುವ ಮುಂಚೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.

ಆ ಉಳಿದ ಒಂದು ಅಂಕ ಯಾಕೆ ಕೊಡಲಿಲ್ಲ ಅಂದರೆ, ಮಲಗಿದ ಫೈಲನ್ನು ಎಬ್ಬಿಸುವುದು ಆ್ಯಪ್‌ನ ಕೆಲಸವಲ್ಲ.

ನಮ್ಮಲ್ಲಿ ವಿಜಯನಗರದ ಒಬ್ಬ ಅಜ್ಜಿಯ ಪಾಲಿನ ದಾವೆ ಇತ್ತು. ಆ್ಯಪ್‌ನಲ್ಲಿ ತಾರೀಖು ಸರಿಯಾಗಿ ಬರುತ್ತಿತ್ತು. ನಾವೂ ಹೋಗಿ ನಿಲ್ಲುತ್ತಿದ್ದೆವು. ಅಜ್ಜಿಗೆ ಮಾತ್ರ ಯಾರೂ ಫೋನ್ ಮಾಡಿರಲಿಲ್ಲ. ಒಂದು ದಿನ ಅವರ ಮಗಳು ಮದುವೆ ಕಾರ್ಡ್ ಕೊಡಲು ಬಂದಳು. ಮಾತಿನ ನಡುವೆ, ‘ದೊಡ್ಡಪ್ಪ ಹೋಗಿ ಏಳು ತಿಂಗಳಾಯ್ತು ಮೇಡಂ’ ಅಂದಳು. ಆ ದೊಡ್ಡಪ್ಪ ನಮ್ಮ ಎರಡನೇ ಪ್ರತಿವಾದಿ! ಸತ್ತವರ ವಾರಸುದಾರರನ್ನು 90 ದಿನದೊಳಗೆ ಕೇಸಿಗೆ ಸೇರಿಸಬೇಕು. ಇಲ್ಲದಿದ್ದರೆ ಅವರ ಮಟ್ಟಿಗೆ ದಾವೆ ಅಬೇಟ್ ಆಗುತ್ತದೆ, ಅಂದರೆ ತಾನಾಗಿಯೇ ಬಿದ್ದುಹೋಗುತ್ತದೆ. ಅದನ್ನು ರದ್ದು ಮಾಡಿಸಲು ಇನ್ನೂ 60 ದಿನ ಸಿಗುತ್ತದೆ. ನಮಗೆ ಎರಡೂ ಮುಗಿದಿದ್ದವು. ವಿಳಂಬ ಮನ್ನಿಸಿ ಎಂದು ಅರ್ಜಿ ಹಾಕಿದೆವು. ಕೋರ್ಟು ಒಪ್ಪಿತು, ಆದರೆ ಅಷ್ಟರಲ್ಲಿ ಒಂದು ವರ್ಷ ಕಳೆಯಿತು. ಅಜ್ಜಿಗೆ ಆಗ 78. ಆ ಒಂದು ವರ್ಷ ನಮ್ಮಿಂದ ಹೋಯಿತಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ.

ಅವತ್ತಿನಿಂದ ಆಫೀಸಿನ ಡೈರಿಯಲ್ಲಿ ತಾರೀಖಿನ ಪಕ್ಕ ಎರಡು ಕಾಲಂ ಎಳೆದಿದ್ದೇವೆ. ‘ಮುಂದೆ ಯಾರು ಏನು ಮಾಡಬೇಕು’ ಅನ್ನುವುದು ಒಂದು. ‘ಕಕ್ಷಿದಾರರ ಜೊತೆ ಕೊನೆಗೆ ಮಾತಾಡಿದ್ದು ಯಾವಾಗ’ ಅನ್ನುವುದು ಇನ್ನೊಂದು. ಎರಡನೇ ಶನಿವಾರ ಕೋರ್ಟಿಗೆ ರಜೆ, ಅವತ್ತು ಆ್ಯಪ್ ತೆರೆದು ರಿಫ್ರೆಶ್ ಮಾಡಿ, ಡೈರಿ ಪಕ್ಕಕ್ಕಿಟ್ಟುಕೊಂಡು ಕೂರುತ್ತೇವೆ. ಮೂರು ತಿಂಗಳಿಂದ ಮಾತಾಡದವರಿಗೆ ಒಬ್ಬೊಬ್ಬರಿಗೇ ಫೋನ್. ಸುಮ್ನೆ ಹೇಗಿದ್ದೀರಿ, ಮನೆಯಲ್ಲಿ ಎಲ್ಲಾ ಕ್ಷೇಮವೇ ಅಂತ ಕೇಳಿದರೂ ಸಾಕು, ಎಷ್ಟೋ ಸಂಗತಿ ಹೊರಬರುತ್ತದೆ.

‘ಡಿಸ್ಪೋಸ್ಡ್’, ಅಂದರೆ ಮುಗಿದಿದೆ ಅಂತ ತೋರಿಸುವ ಕೇಸುಗಳನ್ನೂ ಬಿಡಬೇಡಿ. ಹೋದ ಸಲ ಅಂಥದ್ದೊಂದು ಹಣದ ಡಿಕ್ರಿ, ಅಂದರೆ ನಮ್ಮ ಕಕ್ಷಿದಾರರಿಗೆ ಹಣ ಕೊಡಬೇಕೆಂಬ ಕೋರ್ಟಿನ ಆದೇಶ, ಸಿಕ್ಕಿತು. ತೀರ್ಪಾಗಿ 9 ವರ್ಷ, ಜಾರಿ ಅರ್ಜಿಯನ್ನೇ ಹಾಕಿಲ್ಲ. ಗಡುವು 12 ವರ್ಷ. ಆ ಕಕ್ಷಿದಾರರಿಗೆ ಫೋನ್ ಮಾಡಿದೆ. ‘ಆ ದುಡ್ಡು ಇನ್ನೂ ಬರುತ್ತಾ ಮೇಡಂ?’ ಅಂದರು. ಮಂಗಳವಾರ ಡಿಕ್ರಿ ಕಾಪಿ ತರುತ್ತಿದ್ದಾರೆ.