ಹೊಸ ಕೂಲರ್‌ಗೆ ಯಾವ ಥರ್ಮಲ್ ಪೇಸ್ಟ್? ಎಂಎಕ್ಸ್-4, ಎನ್‌ಟಿ-ಎಚ್2, ಕ್ರಯೋನಾಟ್, ಪಿಟಿಎಂ7950 ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ಪ್ರೊಸೆಸರಿಗೂ ಅದರ ಶಾಖ ಹೊರಹಾಕುವ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟಿನಲ್ಲಿ, ಹೊಸ ಕೂಲರ್ ಹಾಕುವವರಿಗೆ ನನ್ನ ಆಯ್ಕೆ ಟ್ಯೂಬಿನಲ್ಲಿ ಬರುವ, ಮೆತ್ತಗಿರುವ, ವಿದ್ಯುತ್ ಹರಿಸದ ಸಾದಾ ಪೇಸ್ಟ್. ಹೆಸರು ಹಿಡಿದು ಹೇಳುವುದಾದರೆ ಆರ್ಕ್ಟಿಕ್ ಎಂಎಕ್ಸ್-4. ಇನ್ನೂ ಸ್ವಲ್ಪ ಖರ್ಚಾದರೂ ಪರವಾಗಿಲ್ಲ ಅನ್ನುವವರಿಗೆ ನಾಕ್ಟುವಾ ಎನ್‌ಟಿ-ಎಚ್2. ಇದಕ್ಕೆ ಕಾರಣ ತಾಪಮಾನವಲ್ಲ. ಹೊಸ ಕೂಲರ್ ಒಂದೇ ಸಲಕ್ಕೆ ಸರಿಯಾಗಿ ಕೂರುವುದು ಅಪರೂಪ. ಫ್ಯಾನ್ ರ‍್ಯಾಮಿಗೆ ತಗಲುತ್ತದೆ, ಬ್ರಾಕೆಟ್ ಅಡ್ಡಡ್ಡ ಕೂತಿರುತ್ತದೆ, ಕೂಲರಿನ ತಳಕ್ಕೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿರುತ್ತದೆ. ಬಿಚ್ಚಬೇಕು, ಒರೆಸಬೇಕು, ಮತ್ತೆ ಹಚ್ಚಬೇಕು. ಒಮ್ಮೆ ಎತ್ತಿದ ಕೂಲರನ್ನು ಹಳೆಯ ಪೇಸ್ಟಿನ ಮೇಲೇ ಕೂರಿಸಿದರೆ ನಡುವೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಎರಡನೆಯ, ಮೂರನೆಯ ಸಲಕ್ಕೆ ಕೈಯಲ್ಲಿ ಏನಿದೆ ಅನ್ನುವುದೇ ಇಲ್ಲಿ ಮುಖ್ಯ.

ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಉಷ್ಣವಾಹಕತೆಯ (ಶಾಖವನ್ನು ಎಷ್ಟು ಚೆನ್ನಾಗಿ ದಾಟಿಸುತ್ತದೆ ಎಂಬುದರ) ಅಂಕಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಂಎಕ್ಸ್-4ಗೆ 8.5, ಕ್ರಯೋನಾಟ್‌ಗೆ 12.5 (ವ್ಯಾಟ್/ಮೀಟರ್-ಕೆಲ್ವಿನ್) ಎಂಬ ಅಂಕಿ ಪ್ರಚಾರದಲ್ಲಿದೆ. ಒಂದೂವರೆ ಪಟ್ಟು ವ್ಯತ್ಯಾಸ, ನಿಜ. ಆದರೆ ಸರಿಯಾಗಿ ಬಿಗಿದ ಕೂಲರ್ ಅಡಿಯಲ್ಲಿ ಉಳಿಯುವ ಪೇಸ್ಟಿನ ಪದರ ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು. ಲೆಕ್ಕ ಹಾಕಿ ನೋಡಿ: 10 ಚದರ ಸೆಂ.ಮೀ. ಜಾಗದಲ್ಲಿ 100 ವ್ಯಾಟ್ ಸಮನಾಗಿ ಹರಡಿ, 0.05 ಮಿ.ಮೀ. ದಪ್ಪದ ಪದರ ದಾಟಬೇಕು ಎಂದುಕೊಳ್ಳಿ. ಪೇಸ್ಟಿನ ವಾಹಕತೆ 5 ಇದ್ದರೆ ಪದರದ ಎರಡು ಬದಿಗಳ ನಡುವಿನ ವ್ಯತ್ಯಾಸ 1 ಡಿಗ್ರಿ, 10 ಇದ್ದರೆ ಅರ್ಧ ಡಿಗ್ರಿ. ನಿಜವಾದ ಚಿಪ್ಪಿನಲ್ಲಿ ಶಾಖ ಸಮನಾಗಿ ಹರಡದೆ ಒಂದು ಕಡೆ ಒತ್ತಾಗಿರುತ್ತದೆ. ಜಾಗ ಕಾಲುಭಾಗಕ್ಕೆ ಇಳಿಯಿತೆಂದರೂ ಅದು 4 ಡಿಗ್ರಿ ಮತ್ತು 2 ಡಿಗ್ರಿಯ ನಡುವಿನ ಮಾತು. ಒಳ್ಳೆಯ ಪೇಸ್ಟಿಗೂ ಇನ್ನೂ ಒಳ್ಳೆಯ ಪೇಸ್ಟಿಗೂ ಇರುವ ಅಂತರ ಇಷ್ಟೇ. ಎಎಂಡಿಯ ಎಎಂ5 ಸಾಕೆಟ್ಟಿನ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಪ್ರೊಸೆಸರ್‌ಗಳಲ್ಲಿ ಬಿಸಿಯಾಗುವ ಸಣ್ಣ ಚಿಪ್ಪುಗಳು, ಅಂದರೆ ಚಿಪ್ಲೆಟ್‌ಗಳು, ಒಂದು ಬದಿಗೆ ಸರಿದಿರುವುದರಿಂದ, ನಾಕ್ಟುವಾದಂಥವರು ಕೊಡುವ ಆಫ್‌ಸೆಟ್ ಬಾರ್‌ಗಳನ್ನು (ಕೂಲರನ್ನು ಪಕ್ಕಕ್ಕೆ ಸರಿಸಿ ಕೂರಿಸುವ ಪಟ್ಟಿಗಳು) ಹಾಕಿ ಕೂಲರನ್ನು 7 ಮಿ.ಮೀ. ಸರಿಸಿದರೂ 1ರಿಂದ 3 ಡಿಗ್ರಿ ಇಳಿಯುತ್ತದೆ. ದುಬಾರಿ ಟ್ಯೂಬಿಗೆ ಕೈ ಹಾಕುವ ಮುನ್ನ ಅದನ್ನು ನೋಡಿ.

ಎಂಎಕ್ಸ್-4 ತಾನಾಗಿಯೇ ಹರಡಿಕೊಳ್ಳುತ್ತದೆ, ಒರೆಸುವುದು ಸುಲಭ, ವರ್ಷಗಟ್ಟಲೆ ತಂಟೆ ಮಾಡುವುದಿಲ್ಲ. 2010ರಿಂದ ಮಾರುಕಟ್ಟೆಯಲ್ಲಿದೆ. ಅದೇ ಕಂಪನಿಯ ಎಂಎಕ್ಸ್-6 ಹೆಚ್ಚು ಗಟ್ಟಿ. ಅಂಚಿಗೆ ಜಾರಿಹೋಗುವುದು ಕಡಿಮೆ, ಆದರೆ ತಂಪು ಕೋಣೆಯಲ್ಲಿ ಸರಿಯಾಗಿ ಹರಡುವುದಿಲ್ಲ. ಟ್ಯೂಬನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ.

ಎನ್‌ಟಿ-ಎಚ್2ನ ಡಬ್ಬಿಯಲ್ಲಿ ಒರೆಸುವ ಒದ್ದೆ ಹಾಳೆಗಳೂ ಬರುತ್ತವೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಮನೆಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಇಲ್ಲದ ದಿನ ಇದೇ ದೊಡ್ಡ ಉಪಕಾರ.

ಕ್ರಯೋನಾಟ್ ಹಚ್ಚಿದ ಹೊಸದರಲ್ಲಿ ಇವೆಲ್ಲಕ್ಕಿಂತ ಒಂದೆರಡು ಡಿಗ್ರಿ ಮುಂದಿರುತ್ತದೆ. ತೊಂದರೆ ಆಮೇಲಿನದು. 80 ಡಿಗ್ರಿಯ ಆಚೆಗೆ ದಿನವಿಡೀ ಓಡುವ ಚಿಪ್ಪಿನಲ್ಲಿ ಅದು ಬೇಗ ಒಣಗುತ್ತದೆ. ಈಗಿನ ಪ್ರೊಸೆಸರ್‌ಗಳಿಗೆ 80 ದಾಟುವುದು ನಿತ್ಯದ ಕೆಲಸ. ಓವರ್‌ಕ್ಲಾಕ್ ಮಾಡಿ (ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಿ), ಅಂಕ ಬರೆದುಕೊಂಡು, ಬಿಚ್ಚಿಡುವವರಿಗೆ ಸರಿ. ಹಚ್ಚಿ ಮರೆತುಬಿಡುವವರಿಗಲ್ಲ.

ಪಿಟಿಎಂ7950 ಪೇಸ್ಟೇ ಅಲ್ಲ, ಹನಿವೆಲ್ ಕಂಪನಿಯ ಹಾಳೆ. ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ, ಕೂಲರಿನ ಒತ್ತಡಕ್ಕೆ ತೆಳುವಾಗಿ ಹರಡಿಕೊಳ್ಳುತ್ತದೆ. ಅಂಚಿಗೆ ಸರಿಯುವುದಿಲ್ಲ, ಒಣಗುವ ಗೋಜಿಲ್ಲ. ಲೋಹದ ಮುಚ್ಚಳವಿಲ್ಲದ ಬರಿಯ ಚಿಪ್ಪಿನ ಮೇಲೆ ನೇರ ಕೂಲರ್ ಕೂರುವ ಲ್ಯಾಪ್‌ಟಾಪಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ. ಆದರೆ ಡೆಸ್ಕ್‌ಟಾಪಿನ ಹೊಸ ಕೂಲರಿಗೆ? ಹಾಳೆಯ ಎರಡೂ ಬದಿಗೆ ಪೊರೆ ಇರುತ್ತದೆ. ಎರಡನೆಯದನ್ನು ಸುಲಿಯುವಾಗ ಹಾಳೆಯೂ ಅದರ ಜೊತೆ ಎದ್ದು ಹರಿಯುತ್ತದೆ. ಹತ್ತು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಸುಲಿದರೆ ಬಚಾವ್. ಅಷ್ಟೆಲ್ಲ ಮಾಡಿ ಕೂರಿಸಿ, ಕಾಯಿಸಿ, ಆಮೇಲೆ ಬ್ರಾಕೆಟ್ ತಿರುಗಿದೆ ಎಂದು ಗೊತ್ತಾದರೆ ಆ ಹಾಳೆ ಕಸಕ್ಕೆ. ನಕಲಿ ಹಾಳೆಗಳ ಹಾವಳಿ ಬೇರೆ. ಮೊದಲ ದಿನದ ತಾಪಮಾನ ನೋಡಿ ಇದನ್ನು ಬೈಯಬೇಡಿ. ಕೆಲವು ಸಲ ಕಾದು ಆರಿದ ಮೇಲೆಯೇ ಅದರ ನಿಜವಾದ ಅಂಕಿ ಬರುವುದು.

ಲಿಕ್ವಿಡ್ ಮೆಟಲ್: ವಿದ್ಯುತ್ ಹರಿಸುತ್ತದೆ, ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ. ಮೊದಲ ಕೂಲರ್ ಹಾಕುತ್ತಿರುವವರು ಅತ್ತ ಸುಳಿಯಬೇಡಿ.

ಹಚ್ಚುವ ವಿಷಯದಲ್ಲಿ ಎಷ್ಟು ಜಗಳವಿದ್ದರೂ ಸಾರ ಚಿಕ್ಕದು. ಎಎಂ5ಗೆ ನಡುವೆ 3–4 ಮಿ.ಮೀ. ಅಗಲದ ಒಂದು ಚುಕ್ಕೆ. ಇಂಟೆಲಿನ ಎಲ್‌ಜಿಎ1700 ಸಾಕೆಟ್ಟಿನ ಉದ್ದನೆಯ ಚಿಪ್ಪಿಗೆ ನಡುವಿನ ಚುಕ್ಕೆಯ ಜೊತೆ ನಾಲ್ಕು ಮೂಲೆಗಳತ್ತ ಸಣ್ಣ ಚುಕ್ಕೆ. ಹೆಚ್ಚಾದರೆ ಬದಿಯಿಂದ ಒಸರುತ್ತದೆ, ಎಎಂ5 ಪ್ರೊಸೆಸರಿನ ಲೋಹದ ಮುಚ್ಚಳದ ಕಚ್ಚುಗಳಲ್ಲಿ ತುಂಬಿಕೊಂಡು ಒರೆಸುವಾಗ ಸತಾಯಿಸುತ್ತದೆ ಅಷ್ಟೆ. ಕಡಿಮೆಯಾದರೆ ಮಾತ್ರ ನಿಜವಾದ ತೊಂದರೆ. ಸ್ಕ್ರೂಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಎದುರುಬದುರಿನವನ್ನು ಎರಡೆರಡು ಸುತ್ತು ತಿರುಗಿಸುತ್ತ ಕೊನೆ ಮುಟ್ಟಿಸಿ.

ಎಎಂಡಿಯ ಹಳೆಯ ಎಎಂ4 ಸಾಕೆಟ್ ಇರುವವರಿಗೆ ಒಂದು ಎಚ್ಚರಿಕೆ. ಅಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲೇ ಇವೆ, ಮೇಲಿನಿಂದ ಒತ್ತಿಹಿಡಿಯುವ ಚೌಕಟ್ಟಿಲ್ಲ. ಒಣಗಿದ ಹಳೆಯ ಪೇಸ್ಟ್ ಅಂಟಿನಂತೆ ಹಿಡಿದಿರುತ್ತದೆ. ಹಳೆಯ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ, ಪಿನ್ನು ಬಾಗುತ್ತದೆ. ಮೊದಲು ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ ಸಡಿಲಿಸಿ. ಎತ್ತುವುದು ಆಮೇಲೆ.

ಇನ್ನು ಎಲ್ಲರ ತಲೆ ತಿನ್ನುವ ವಿಷಯ. ದೊಡ್ಡ ಕೂಲರ್ ಬಂತು, ಒಳ್ಳೆಯ ಪೇಸ್ಟ್ ಬಂತು, ಸಿನಿಬೆಂಚ್ (ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ತಂತ್ರಾಂಶ) ಓಡಿಸಿದರೆ ತಾಪಮಾನ ಮೊದಲಿನಷ್ಟೇ, 95 ಡಿಗ್ರಿ. ಪೇಸ್ಟ್ ಸರಿಯಿಲ್ಲ ಎಂದು ಬಿಚ್ಚಿ ಬೇರೆಯದು ಹಚ್ಚುತ್ತಾರೆ. ಮತ್ತೆ 95. ಪೇಸ್ಟ್ ಹೋಲಿಕೆಗಳಲ್ಲಿ ಅರ್ಧಕ್ಕರ್ಧ ಕೆಡುವುದು ಇಲ್ಲೇ.

ಎಎಂಡಿಯ ರೈಜನ್ 7000 ಸರಣಿಯ, ಹೆಸರಿನ ಕೊನೆಗೆ ಎಕ್ಸ್ ಇರುವ ಚಿಪ್ಪುಗಳು ಪೂರ್ತಿ ಲೋಡಿನಲ್ಲಿ 95 ಡಿಗ್ರಿಯವರೆಗೆ ಏರುವಂತೆಯೇ ರೂಪಿಸಿದವು. ಅಲ್ಲಿ ತಾಪಮಾನವೇ ಮಿತಿ. ಕೂಲರ್ ಚೆನ್ನಾಗಿದ್ದಷ್ಟೂ ಚಿಪ್ಪು ಹೆಚ್ಚು ವ್ಯಾಟ್ ಎಳೆದುಕೊಂಡು ಹೆಚ್ಚು ವೇಗದಲ್ಲಿ ಓಡುತ್ತದೆ, ಡಿಗ್ರಿ ಮಾತ್ರ ಅಲ್ಲೇ ನಿಂತಿರುತ್ತದೆ. ಅಂದರೆ ಹೊಸ ಕೂಲರಿನ ಲಾಭ ತಾಪಮಾನದ ಸಾಲಿನಲ್ಲಿಲ್ಲ, ವ್ಯಾಟ್ ಮತ್ತು ಕ್ಲಾಕಿನ ಸಾಲಿನಲ್ಲಿದೆ. ಇಂಟೆಲಿನ ಎಲ್‌ಜಿಎ1700 ಸಾಕೆಟ್ಟಿನ, ಹೆಸರಿನ ಕೊನೆಗೆ ಕೆ ಇರುವ ಚಿಪ್ಪುಗಳಲ್ಲೂ ಇದೇ ಕಥೆ, ಮಿತಿ 100 ಡಿಗ್ರಿ. 2024ಕ್ಕೆ ಮುಂಚೆ ಹಲವು ಮದರ್‌ಬೋರ್ಡ್‌ಗಳು ವಿದ್ಯುತ್ ಮಿತಿಯನ್ನು 4096 ವ್ಯಾಟ್ ಎಂದು ಇಟ್ಟುಬಿಟ್ಟಿರುತ್ತಿದ್ದವು, ಅಂದರೆ ಮಿತಿಯೇ ಇಲ್ಲ. ರೈಜನ್ 7800ಎಕ್ಸ್3ಡಿಯಂಥ ಚಿಪ್ಪಿಗೆ ಮಿತಿ 89 ಡಿಗ್ರಿ. ಕ್ಯಾಶೆಯ (ಚಿಪ್ಪಿನೊಳಗಿನ ವೇಗದ ಮೆಮೊರಿ) ಪದರ ಮೇಲೆ ಕೂತಿರುವುದರಿಂದ ಕಡಿಮೆ ವ್ಯಾಟಿನಲ್ಲೂ ಬಿಸಿ ತೋರಿಸುತ್ತದೆ. ಅದಕ್ಕೆ ಪೇಸ್ಟನ್ನು ದೂರಬೇಡಿ.

ಹಾಗಾದರೆ ಅಳೆಯುವುದು ಹೇಗೆ? ವ್ಯಾಟ್ ಕಟ್ಟಿಹಾಕಿ. ರೈಜನ್‌ನಲ್ಲಿ ಬಯೋಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ 65 ವ್ಯಾಟಿನ ಇಕೋ ಮೋಡ್ ಹಾಕಿದರೆ ಸಾಕೆಟ್ ಎಳೆಯುವುದು 88 ವ್ಯಾಟ್‌ಗೆ ನಿಲ್ಲುತ್ತದೆ. ಇಂಟೆಲಿನಲ್ಲಿ ಪಿಎಲ್1, ಪಿಎಲ್2 ಎಂಬ ಎರಡು ವಿದ್ಯುತ್ ಮಿತಿಗಳಿಗೂ 125 ಬರೆಯಿರಿ. ಫ್ಯಾನನ್ನು ತಾಪಮಾನಕ್ಕೆ ತಕ್ಕಂತೆ ಕುಣಿಯಲು ಬಿಡದೆ 70 ಶೇಕಡಾದಂಥ ಒಂದೇ ವೇಗಕ್ಕೆ ನಿಲ್ಲಿಸಿ. ಕೇಸಿನ ಬಾಗಿಲು ಎರಡೂ ಪರೀಕ್ಷೆಗೆ ಒಂದೇ ಸ್ಥಿತಿಯಲ್ಲಿರಲಿ. ಕೋಣೆಯ ತಾಪಮಾನ ಬರೆದುಕೊಳ್ಳಿ, ಇದನ್ನು ಬಿಟ್ಟರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಎಚ್‌ಡಬ್ಲ್ಯುಇನ್ಫೋದಲ್ಲಿ (ತಾಪಮಾನ, ವ್ಯಾಟ್ ತೋರಿಸುವ ತಂತ್ರಾಂಶ) ಸೆನ್ಸರ್ ಮಾತ್ರ ತೆರೆದು ಸಿನಿಬೆಂಚ್ ಆರ್23 ಹತ್ತು ನಿಮಿಷ ಓಡಿಸಿ. ವಾಟರ್ ಕೂಲರ್ ಆದರೆ ನೀರು ಕಾಯಲು ಅರ್ಧ ಗಂಟೆ ಕೊಡಿ. ಕೊನೆಯ ಒಂದೆರಡು ನಿಮಿಷ ಸ್ಥಿರವಾಗಿ ನಿಂತ ಅಂಕಿ ಬರೆದುಕೊಳ್ಳಿ. ಕ್ಷಣಕ್ಕೊಮ್ಮೆ ಚಿಮ್ಮುವ ಗರಿಷ್ಠ ಅಂಕಿ ಬೇಡ. ಲಿನಕ್ಸ್‌ನಲ್ಲಿ ಸೆನ್ಸರ್ಸ್ ಕಮಾಂಡ್ ಕೊಟ್ಟರೆ ರೈಜನ್‌ಗೆ ಟಿಸಿಟಿಎಲ್ ಎಂಬ ತಾಪಮಾನದ ಸಾಲು ಸಿಗುತ್ತದೆ.

ಉದಾಹರಣೆಗೆ ಕೋಣೆ 28, ಚಿಪ್ಪು 68, ವ್ಯಾಟ್ 88. ವ್ಯತ್ಯಾಸ 40ನ್ನು 88ರಿಂದ ಭಾಗಿಸಿದರೆ ವ್ಯಾಟಿಗೆ ಸುಮಾರು 0.45 ಡಿಗ್ರಿ. ಇನ್ನೊಂದು ಪೇಸ್ಟ್ ಹಚ್ಚಿದ ದಿನ ಕೋಣೆ 33 ಇದ್ದು ಚಿಪ್ಪು 73 ತೋರಿಸಿದರೆ ಫಲಿತಾಂಶ ಅದೇ. ಐದು ಡಿಗ್ರಿ ಏರಿದ್ದು ಹವೆಯಿಂದ. ಒಂದೇ ಪೇಸ್ಟನ್ನು ಬಿಚ್ಚಿ ಮತ್ತೆ ಹಚ್ಚಿದರೂ ಒಂದೆರಡು ಡಿಗ್ರಿ ಆಚೀಚೆ ಆಗುತ್ತದೆ. ಆದ್ದರಿಂದ ಅದಕ್ಕಿಂತ ಚಿಕ್ಕ ಗೆಲುವನ್ನು ಗೆಲುವು ಎಂದು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೂಲರ್ ಸರಿಯಾಗಿ ಕೂತಿದೆಯೇ ಎಂಬುದಕ್ಕೆ ಡಿಗ್ರಿಗಿಂತ ಗ್ರಾಫಿನ ಆಕಾರ ಹೆಚ್ಚು ಹೇಳುತ್ತದೆ. ವ್ಯಾಟ್ ಕಟ್ಟಿಹಾಕಿದ ಮೇಲೂ ಲೋಡ್ ಕೊಟ್ಟ ಎರಡೇ ಸೆಕೆಂಡಿಗೆ ಮಿತಿ ಮುಟ್ಟಿದರೆ ಕೂಲರಿನ ತಳ ಚಿಪ್ಪಿಗೆ ತಾಗಿಲ್ಲ: ಪ್ಲಾಸ್ಟಿಕ್ ಹಾಳೆ, ಸಡಿಲ ಸ್ಕ್ರೂ, ಅಡ್ಡ ಬ್ರಾಕೆಟ್, ಇವನ್ನು ಹುಡುಕಿ. ಹತ್ತು ನಿಮಿಷದಲ್ಲಿ ನಿಧಾನಕ್ಕೆ ಏರುತ್ತಲೇ ಹೋದರೆ ಪೇಸ್ಟಿನ ತಪ್ಪಲ್ಲ, ಕೇಸಿನಲ್ಲಿ ಗಾಳಿ ಆಡುತ್ತಿಲ್ಲ, ಇಲ್ಲವೇ ಫ್ಯಾನ್ ತಿರುಗುತ್ತಿಲ್ಲ. ಲೋಡ್ ನಿಲ್ಲಿಸಿದ ಕೂಡಲೇ ಅಂಕಿ ಧಡಕ್ಕನೆ ಇಳಿದು, ಆಮೇಲೆ ನಿಧಾನವಾಗಿ ಐಡಲ್‌ಗೆ (ಕೆಲಸವಿಲ್ಲದಾಗಿನ ಮಟ್ಟಕ್ಕೆ) ಬರಬೇಕು. ಒಂದೇ ಬಗೆಯ ಕೋರ್‌ಗಳ ನಡುವೆ 15 ಡಿಗ್ರಿಗಿಂತ ಹೆಚ್ಚು ಅಂತರ ಕಂಡರೆ ಬಿಚ್ಚಿ ಪೇಸ್ಟಿನ ಗುರುತು ನೋಡಿ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು ಇದ್ದರೆ ಬಿಗಿತ ಸಮನಾಗಿಲ್ಲ ಎಂದೇ ಅರ್ಥ. ಎಲ್‌ಜಿಎ1700 ಸಾಕೆಟ್ಟಿನ ಚೌಕಟ್ಟು ಚಿಪ್ಪನ್ನೇ ನಡುವೆ ತುಸು ಬಗ್ಗಿಸುವುದರಿಂದ ಅಲ್ಲಿ ಕಾಂಟ್ಯಾಕ್ಟ್ ಫ್ರೇಮ್ (ಆ ಚೌಕಟ್ಟಿನ ಬದಲು ಕೂರಿಸುವ ಲೋಹದ ಚೌಕಟ್ಟು) ಹಾಕಿದರೆ ಪೇಸ್ಟ್ ಬದಲಿಸುವುದಕ್ಕಿಂತ ಹೆಚ್ಚು ಲಾಭ.

ವರ್ಷಕ್ಕೊಮ್ಮೆ ಧೂಳು ಒರೆಸಲು, ಭಾಗ ಬದಲಿಸಲು ಕೂಲರ್ ಬಿಚ್ಚುವ ಅಭ್ಯಾಸವಿದ್ದರೆ ಎಂಎಕ್ಸ್-4ನ 4 ಗ್ರಾಂ ಟ್ಯೂಬ್ ತಗೊಳ್ಳಿ, ಹಲವು ಸಲಕ್ಕೆ ಬರುತ್ತದೆ. ಉಳಿದ ದುಡ್ಡನ್ನು ಕೇಸಿಗೆ ಇನ್ನೊಂದು ಫ್ಯಾನಿಗೆ ಹಾಕಿ. ಹಾಕಿದ ಮೇಲೆ ಐದು ವರ್ಷ ಕೇಸ್ ತೆರೆಯದವರಾದರೆ, ಮೊದಲು ಸಾದಾ ಪೇಸ್ಟಿನಲ್ಲಿ ಕೂರಿಸಿ, ಮೇಲಿನ ಪರೀಕ್ಷೆ ಮಾಡಿ, ಬ್ರಾಕೆಟ್ಟು ಫ್ಯಾನು ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಪಿಟಿಎಂ7950 ಹಾಳೆ ಹಾಕಿ. ಕೂಲರಿನ ತಳಕ್ಕೆ ಕಾರ್ಖಾನೆಯಲ್ಲೇ ಪೇಸ್ಟ್ ಹಚ್ಚಿ ಬಂದಿದ್ದರೆ ಅದನ್ನು ಒರೆಸುವ ಅಗತ್ಯವಿಲ್ಲ, ಮೊದಲ ಸಲಕ್ಕೆ ಅದೇ ಸಾಕು. ಆದರೆ ಟ್ಯೂಬ್ ಮಾತ್ರ ಪಕ್ಕದಲ್ಲಿರಲಿ.