ಭಾರವೂ ಓಟವೂ: ಒಂದೇ ಹೊತ್ತಿಗೋ, ಬೇರೆ ದಿನಗಳಿಗೋ?

ಸ್ನಾಯು ಬೆಳೆಸುವ ಆಸೆಯ ಜೊತೆಗೆ ದೂರ ಓಡುವ ಆಸೆಯೂ ಇರುವವರು ಭಾರ ಎತ್ತುವುದು, ಓಡುವುದು ಎರಡನ್ನೂ ಒಂದೇ ಅವಧಿಯಲ್ಲಿ ಮುಗಿಸಬಹುದು, ಇಲ್ಲವೇ ಬೇರೆ ಬೇರೆ ದಿನಗಳಿಗೆ ಹಂಚಬಹುದು.

ಸಮಯದ ದೃಷ್ಟಿಯಿಂದ ಮೊದಲನೆಯದೇ ಅನುಕೂಲ. ವಾರಕ್ಕೆ ಮೂರೇ ದಿನ ಬಿಡುವಿರುವವರಿಗೆ ಬೇರೆ ದಾರಿಯೂ ಇಲ್ಲ.

ವ್ಯಾಯಾಮದ ಗುಣಮಟ್ಟಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಹತ್ತು ಕಿಲೋಮೀಟರ್ ಓಡಿ ಬಂದು ಸ್ಕ್ವಾಟ್‌ಗೆ (ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವುದಕ್ಕೆ) ನಿಂತವರಿಗೆ ಎರಡನೆಯ ಸೆಟ್‌ನಲ್ಲೇ ತೊಡೆ ನಡುಗತೊಡಗುತ್ತದೆ, ಬೆನ್ನು ಬಾಗುತ್ತದೆ, ಕೊನೆಗೆ ಬಾರ್‌ನಿಂದ ಭಾರದ ತಟ್ಟೆಗಳನ್ನು ಕಳಚಬೇಕಾಗುತ್ತದೆ. ಆದ್ದರಿಂದ ಬಲವೇ ಮುಖ್ಯವೆನ್ನುವವರು ಭಾರವನ್ನು ಮೊದಲು ಎತ್ತಿ ಓಟವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಓಟದ ಬದಲು ಸೈಕಲ್ ತುಳಿದರೆ ಕಾಲಿಗೆ ಬೀಳುವ ಪೆಟ್ಟೂ ಕಡಿಮೆ.

1980ರಲ್ಲಿ ವ್ಯಾಯಾಮ ಸಂಶೋಧಕ ರಾಬರ್ಟ್ ಹಿಕ್ಸನ್ ಪ್ರಕಟಿಸಿದ ಹತ್ತು ವಾರಗಳ ಅಧ್ಯಯನದಲ್ಲಿ, ಎರಡನ್ನೂ ಒಟ್ಟಿಗೆ ಮಾಡಿದ ಗುಂಪಿನ ಬಲ ಕೊನೆಯ ವಾರಗಳಲ್ಲಿ ಕುಗ್ಗಿತು, ಆದರೆ ದಮ್ಮು ಹೆಚ್ಚುವುದಕ್ಕೆ ಅಡ್ಡಿಯಾಗಲಿಲ್ಲ. ಅಲ್ಲಿನ ವ್ಯಾಯಾಮ ಸಾಮಾನ್ಯರು ಮಾಡುವುದಕ್ಕಿಂತ ಬಹಳ ಕಠಿಣವಾಗಿತ್ತು ಎಂಬುದನ್ನು ಮರೆತು ಸುಮ್ಮನೆ ಹೆದರುವವರೇ ಹೆಚ್ಚು.

ಚೇತರಿಕೆಯಲ್ಲಿ ಹಂಚಿಕೆಯೇ ಮೇಲೆನಿಸಿದರೂ, ವಾರವಿಡೀ ವ್ಯಾಯಾಮ ಹರಡಿಕೊಂಡು ಪೂರ್ಣ ವಿಶ್ರಾಂತಿಯ ದಿನವೇ ಉಳಿಯದಿರುವ ಅಪಾಯವಿದೆ.

ಹೊಸಬರಿಗೆ ಒಂದೇ ಅವಧಿ ಸಾಕು. ವರ್ಷಗಟ್ಟಲೆ ಭಾರ ಎತ್ತಿದವರಿಗೆ ಹಂಚಿಕೆ ಹೊಂದುತ್ತದೆ. ಮ್ಯಾರಥಾನ್ ಹತ್ತಿರವಿರುವವರು ಓಟಕ್ಕೇ ಆದ್ಯತೆ ಕೊಟ್ಟು, ಭಾರವನ್ನು ವಾರಕ್ಕೆ ಒಂದೆರಡು ಚಿಕ್ಕ ಅವಧಿಗಳಿಗೆ ಇಳಿಸಿಕೊಳ್ಳಬಹುದು.