ಫೈನಲ್ ಫ್ಯಾಂಟಸಿ 14ರ ಫ್ರೀ ಟ್ರಯಲ್: ಒಬ್ಬರೇ ಆಡಬಹುದು ಸರಿ, ಆಡಬೇಕಾ?

ಮೊದಲೇ ಹೇಳಿಬಿಡುತ್ತೇನೆ, ಆಟ ಚೆನ್ನಾಗಿದೆ. ಒಂದು ಪೈಸೆ ಕೊಡದೆ ಇಷ್ಟು ದೊಡ್ಡ ಆಟ ಸಿಗುವುದು ಅಪರೂಪ. ನನ್ನ ತಕರಾರು ಇರುವುದು ಒಂದೇ ಒಂದು ವಿಷಯಕ್ಕೆ. ಅದು ಸಣ್ಣದಲ್ಲ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಇದು ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿಯ ಆಟ. ಸಾವಿರಾರು ಜನ ಒಂದೇ ಲೋಕದಲ್ಲಿ ಓಡಾಡುತ್ತಾರೆ. 2010ರಲ್ಲಿ ಮೊದಲು ಬಂದಾಗ ಮಕಾಡೆ ಮಲಗಿತ್ತು. ಆಮೇಲೆ ನವೋಕಿ ಯೊಶಿದಾ ಅನ್ನುವವರ ಕೈಗೆ ಕೊಟ್ಟರು. 2012ರ ನವೆಂಬರ್‌ನಲ್ಲಿ ಹಳೆಯದನ್ನು ಮುಚ್ಚಿ, 2013ರ ಆಗಸ್ಟ್‌ನಲ್ಲಿ 'ಎ ರೆಲ್ಮ್ ರಿಬಾರ್ನ್' ಅಂತ ಹೊಸದಾಗಿ ಬಿಟ್ಟರು. ಈಗಿನದು ಅದೇ. 2023ರ ಅಕ್ಟೋಬರ್‌ನಿಂದ ಫ್ರೀ ಟ್ರಯಲ್ 70ನೇ ಲೆವೆಲ್‌ವರೆಗೆ ಇದೆ. ಅಂದರೆ ಮೂಲ ಆಟದ ಜೊತೆ ಅದರ ಮುಂದಿನ ಕಂತುಗಳಾದ 'ಹೆವೆನ್ಸ್‌ವರ್ಡ್', 'ಸ್ಟಾರ್ಮ್‌ಬ್ಲಡ್' ಎರಡೂ ಪುಕ್ಕಟೆ. ಇಷ್ಟೇ ದಿನ ಅನ್ನುವ ಗಡುವೂ ಇಲ್ಲ.

ನಾನು ಇರುವುದು ಶಿರಸಿಯಿಂದ ಒಳಗೆ, ತೋಟದ ಮನೆಯಲ್ಲಿ. ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ರಾತ್ರಿ ಊಟ ಆಗಿ, ಪಾತ್ರೆ ತೊಳೆದು, ಮಗ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆಯುವುದು. ಜೊತೆಗೆ ಬೆಂಗಳೂರಿನಲ್ಲಿರುವ ತಮ್ಮ, ಕುಮಟಾದಲ್ಲಿರುವ ಭಾವ. ಈ ಹುಚ್ಚು ಹಿಡಿಸಿದ್ದೇ ತಮ್ಮ. ಅವನು ಕಾಲೇಜಿನ ಕಾಲದಿಂದ ಆಡುತ್ತಿದ್ದಾನೆ. ಭಾರತದಲ್ಲಿ ಸರ್ವರ್ ಇಲ್ಲ, ಹಾಗಾಗಿ ಜಪಾನಿನದ್ದು ಹಿಡಿದೆವು. ಸರ್ವರ್ ದೂರ ಆದರೂ ಆಟ ತಡವರಿಸುವ ಒದ್ದಾಟ ನಾನು ಅಂದುಕೊಂಡಷ್ಟು ಇಲ್ಲ.

ಆಟದ ಕಥೆ ಮುಂದೆ ಸಾಗಬೇಕಾದರೆ ನಡುನಡುವೆ ಡಂಜನ್ ಬರುತ್ತವೆ, ಅಂದರೆ ಶತ್ರುಗಳು ತುಂಬಿರುವ ಗುಹೆ, ಕೋಟೆಯಂಥ ಜಾಗಗಳು. ಒಂದೊಂದಕ್ಕೂ ನಾಲ್ಕು ಜನ ಬೇಕು. ಏಟು ತಿನ್ನಲಿಕ್ಕೆ ಒಬ್ಬ ಟ್ಯಾಂಕ್, ಗಾಯ ವಾಸಿ ಮಾಡಲು ಒಬ್ಬ ಹೀಲರ್, ಹೊಡೆಯಲು ಇಬ್ಬರು. ಮೊದಲೆಲ್ಲ ಈ ನಾಲ್ಕೂ ಜೀವಂತ ಮನುಷ್ಯರೇ ಆಗಬೇಕಿತ್ತು. 2022ರ ಏಪ್ರಿಲ್‌ನಲ್ಲಿ 6.1 ಅಪ್‌ಡೇಟ್ ಬಂತು. 'ಡ್ಯೂಟಿ ಸಪೋರ್ಟ್' ಅಂತ ಒಂದು ಸೌಲಭ್ಯ ಕೊಟ್ಟರು. ನೀವೊಬ್ಬರೇ ಹೋದರೆ ಸಾಕು, ಉಳಿದ ಮೂವರನ್ನು ಕಂಪ್ಯೂಟರೇ ಆಡಿಸುತ್ತದೆ. ಮೊದಲು ಮೂಲ ಆಟದ ಡಂಜನ್‌ಗಳಿಗೆ ಮಾಡಿದರು, ಆಮೇಲೆ ಮುಂದಿನ ಕಂತುಗಳಿಗೂ ಹಬ್ಬಿಸಿದರು. ಹೀಗೆ ಮಾಡಿದರೆ ಇದು ಆನ್‌ಲೈನ್ ಆಟ ಹೇಗಾಗುತ್ತದೆ ಅಂತ ಹಳಬರದ್ದು ಗೊಣಗಾಟ. ತಮ್ಮನದೂ ಅದೇ ರಾಗ.

ನಾನು ಎರಡೂ ರೀತಿ ಆಡಿದ್ದೇನೆ. ಮೊದಲ ಡಂಜನ್ 'ಸಸ್ತಾಶಾ'ವನ್ನೇ ತೆಗೆದುಕೊಳ್ಳಿ. 15ನೇ ಲೆವೆಲ್‌ನಲ್ಲಿ ಬರುತ್ತದೆ. ಸಮುದ್ರದ ದಂಡೆಯ ಗುಹೆ, ಒಳಗೆ ಕಡಲ್ಗಳ್ಳರು. ಮೂರು ಬಣ್ಣದ ಹವಳದ ಗೊಂಚಲುಗಳಿವೆ, ಕೆಂಪು, ನೀಲಿ, ಹಸಿರು. ಯಾವುದನ್ನು ಮುಟ್ಟಬೇಕು ಅನ್ನುವ ಸುಳಿವು ರಕ್ತದ ಕಲೆಯ ಒಂದು ಚೀಟಿಯಲ್ಲಿದೆ. ಕೊನೆಗೆ ಡೆನ್ ಅನ್ನುವ ಮೀನುಮೋರೆಯ ರಾಕ್ಷಸ. ಅವನ ಜೊತೆ ಕಾದಾಡುವಾಗ ಸುತ್ತಲಿನ ನೀರಿನಲ್ಲಿ ಗುಳ್ಳೆ ಏಳುತ್ತವೆ. ಓಡಿ ಹೋಗಿ ಅದನ್ನು ಮುಚ್ಚದಿದ್ದರೆ ಅವನ ಕಡೆಯವರು ಮೇಲೆ ಬಂದು ಮುತ್ತುತ್ತಾರೆ.

ಡ್ಯೂಟಿ ಸಪೋರ್ಟ್‌ನಲ್ಲಿ ಹೋದಾಗ ನಾನು ಚೀಟಿಯನ್ನು ನಿಧಾನಕ್ಕೆ ಓದಿದೆ. ಗೋಡೆ ನೋಡಿದೆ, ಕಡಲ್ಗಳ್ಳರ ಸಾಮಾನು ನೋಡಿದೆ. ಮೂವರೂ ಬಾಯಿ ಬಿಡದೆ ಕಾದು ನಿಂತಿದ್ದರು. ನಡುವೆ ಮಗ ಎದ್ದು ನೀರು ಕೇಳಿದ. ಹೋಗಿ ಕೊಟ್ಟು ಬಂದೆ. ಆಗಲೂ ನಿಂತೇ ಇದ್ದರು. ಹೊಡೆತ ಸ್ವಲ್ಪ ನಿಧಾನ, ಆದರೆ ನೆಲದ ಮೇಲೆ ಕಿತ್ತಳೆ ಬಣ್ಣದ ಗುರುತು ಬಿದ್ದರೆ ಜಾಗ ಬಿಟ್ಟು ಸರಿಯುತ್ತಾರೆ. ಹೊಸಬರಿಗೆ ಇದೇ ಪಾಠ: ಅವರು ಎಲ್ಲಿ ಓಡುತ್ತಾರೋ ಅಲ್ಲಿಗೆ ಓಡಿ.

ಅದೇ ಗುಹೆಗೆ ನಾವು ಮೂವರು ಹೋದಾಗ ನಾಲ್ಕನೆಯವರಾಗಿ ಜಪಾನಿನ ಯಾರೋ ಸೇರಿದರು. ಆಟದಲ್ಲಿ ಸಿದ್ಧ ವಾಕ್ಯಗಳ ಒಂದು ಪಟ್ಟಿ ಇದೆ. ಅವರು ಜಪಾನಿಯಲ್ಲಿ ಆರಿಸಿದ್ದು ನಮಗೆ ಇಂಗ್ಲಿಷ್‌ನಲ್ಲಿ ಕಾಣುತ್ತದೆ. ಅವರು ನಮಸ್ಕಾರ ಹೇಳಿದರು, ನಾವೂ ಹೇಳಿದೆವು. ಭಾವ ಚೀಟಿ ಇರುವ ಕೋಣೆ ಬಿಟ್ಟು ಮುಂದೆ ಹೋಗಿಬಿಟ್ಟ. ಆ ಜಪಾನಿನವರು ಚೀಟಿಯ ಪಕ್ಕ ನಿಂತು ಕುಪ್ಪಳಿಸತೊಡಗಿದರು. "ಅದ್ಯಾಕೆ ಹಂಗೆ ಹಾರ್ತಾ ಇದಾರೆ?" ಅಂತ ಭಾವ. "ಭಾವ, ವಾಪಸ್ ಬನ್ನಿ, ಕರೀತಾ ಇರೋದು ನಿಮ್ಮನ್ನೇ" ಅಂತ ತಮ್ಮ. ಡೆನ್ ಬಂದಾಗ ಗುಳ್ಳೆ ಮುಚ್ಚುವವರು ಯಾರು ಅಂತ ಮಾತಾಗಿರಲಿಲ್ಲ, ಎಲ್ಲರೂ ಒಂದೇ ಗುಳ್ಳೆಗೆ ಓಡಿದೆವು. ಭಾವ ಸತ್ತ. ನಕ್ಕು ನಕ್ಕು ಎಲ್ಲಿ ಮಗನಿಗೆ ಎಚ್ಚರ ಆಗುತ್ತೋ ಅಂತ ಬಾಯಿಗೆ ಸೆರಗು ಒತ್ತಿಕೊಂಡಿದ್ದೆ. ಕೊನೆಯಲ್ಲಿ ಜೊತೆಗಾರರಲ್ಲಿ ಒಬ್ಬರಿಗೆ ಮೆಚ್ಚುಗೆ ಕೊಡುವ ಅವಕಾಶ ಇರುತ್ತದೆ, ನನ್ನದು ಆ ಕುಪ್ಪಳಿಸಿದವರಿಗೆ ಹೋಯಿತು.

ಎರಡನೆಯದೇ ಮಜಾ, ಅದರಲ್ಲಿ ಅನುಮಾನ ಬೇಡ. ಆದರೆ ಅಷ್ಟಕ್ಕೇ ಒಬ್ಬರೇ ಆಡುವ ದಾರಿ ಬೇಡ ಅನ್ನುವವರ ಜೊತೆ ನಾನಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತದೆ ಅನ್ನುವುದು ದೇವರಿಗೇ ಗೊತ್ತು. ಕರೆಂಟ್ ಇದ್ದರೆ ನೆಟ್ ಇಲ್ಲ. ಹೀಲರ್ ಆಡುವವಳು ಅರ್ಧ ಯುದ್ಧದಲ್ಲಿ ಮಾಯವಾದರೆ ಉಳಿದವರ ಗತಿ ಏನು? ಅವರೂ ದಿನದ ಕೆಲಸ ಮುಗಿಸಿ ಬಂದು ಕೂತವರೇ ಅಲ್ವಾ? ಜುಲೈ ತಿಂಗಳಲ್ಲಿ ನಾನು ಕಂಪ್ಯೂಟರ್ ಜೊತೆಗಾರರನ್ನು ಬಿಟ್ಟು ಬೇರೆಯವರ ಜೊತೆ ಹೋಗುವುದೇ ಇಲ್ಲ.

ಇನ್ನೊಂದು, ಕಥೆ. 'ಪ್ರೆಟೋರಿಯಂ' ಅಂತ ಮೂಲ ಕಥೆಯ ಕೊನೆಯ ಡಂಜನ್ ಇದೆ. ಮೊದಲು ಅದಕ್ಕೆ ಎಂಟು ಜನ ಬೇಕಿತ್ತು. ತಮ್ಮ ಹೇಳುವ ಪ್ರಕಾರ ಹೊಸಬರು ಕಥೆಯ ದೃಶ್ಯ ನೋಡುತ್ತಾ ಕೂತರೆ ಹಳಬರು ಅಷ್ಟರಲ್ಲಿ ಮುಂದೋಡಿ ಎಲ್ಲರನ್ನೂ ಹೊಡೆದು ಮುಗಿಸಿರುತ್ತಿದ್ದರು. ದೃಶ್ಯ ಮುಗಿಸಿ ಬಂದರೆ ಖಾಲಿ ಕೋಣೆ. ಇದಕ್ಕೆ ಕಂಪನಿ ಕಂಡುಕೊಂಡ ಮದ್ದು ಏನು ಗೊತ್ತಾ? ದೃಶ್ಯಗಳನ್ನು ಯಾರೂ ದಾಟಿಸಲು ಬಾರದ ಹಾಗೆ ಮಾಡಿದ್ದು. ಆಗ ಹಳಬರು ಅದೇ ಭಾಷಣ ಕೇಳುತ್ತಾ ಆಕಳಿಸುತ್ತಾ ಕೂರುವ ಹಾಗಾಯಿತು. 6.1ರಲ್ಲಿ ಇದನ್ನು ನಾಲ್ಕು ಜನರದ್ದು ಮಾಡಿ, ಒಬ್ಬರೇ ಹೋಗಲೂ ಬಿಟ್ಟರು. ನಾನು ಒಬ್ಬಳೇ ಹೋದೆ. ಗಯಸ್ ಅನ್ನುವ ಖಳ ಉದ್ದುದ್ದ ಭಾಷಣ ಬಿಗಿಯುತ್ತಾನೆ, ಪೂರ್ತಿ ಕೇಳಿದೆ. ಒಳ್ಳೆ ಮಾತುಗಾರ. ಎಂಟು ಜನರ ನೂಕುನುಗ್ಗಲಲ್ಲಿ ಇದನ್ನು ಯಾರು ಕೇಳುತ್ತಿದ್ದರು?

ಇನ್ನು ತಕರಾರು. 'ಟೊಟೊ-ರಾಕ್' ಅನ್ನುವ ಇನ್ನೊಂದು ಡಂಜನ್, ನೆಲದಡಿಯ ಹಳೇ ಜೈಲು. ತಮ್ಮ ಆಡಿದ ಕಾಲದಲ್ಲಿ ಅದರಲ್ಲಿ ಕವಲು ದಾರಿಗಳಿದ್ದವು. ಕೆಲವು ಎಲ್ಲಿಗೂ ಹೋಗುತ್ತಿರಲಿಲ್ಲ, ಕೆಲವುದರ ತುದಿಯಲ್ಲಿ ಪೆಟ್ಟಿಗೆ. ನೆಲದ ಮೇಲೆ ಅಂಟು ಲೋಳೆ, ಕಾಲಿಟ್ಟರೆ ನಡಿಗೆ ನಿಧಾನ. ಜನ ಬೈದುಕೊಂಡೇ ಆಡುತ್ತಿದ್ದರು. ಆದರೂ ಆ ಜಾಗದ ಹೆಸರು ತೆಗೆದರೆ ಅವನು ಇವತ್ತಿಗೂ ಕಾಲು ಗಂಟೆ ಮಾತಾಡುತ್ತಾನೆ. ಯಾರು ಎಲ್ಲಿ ದಾರಿ ತಪ್ಪಿದರು, ಯಾರು ಯಾರನ್ನು ಹುಡುಕಿಕೊಂಡು ಹೋದರು ಅಂತ. ನಾನು ನೋಡಿದ ಟೊಟೊ-ರಾಕ್ ಮೂಗಿನ ನೇರಕ್ಕೆ ಇದೆ. ಲೋಳೆ ಇಲ್ಲ, ಕವಲು ಇಲ್ಲ. ಹೋಗು, ಹೊಡೆ, ಹೋಗು, ಹೊಡೆ. ಅದರ ಬಗ್ಗೆ ಹೇಳಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಇದನ್ನು ನೇರ ಮಾಡಿದ್ದೂ ಅದೇ 6.1ರಲ್ಲಿ. ಕಂಪ್ಯೂಟರ್ ಜೊತೆಗಾರರಿಗೆ "ಎಡಕ್ಕಾ, ಬಲಕ್ಕಾ" ಅಂತ ಚರ್ಚೆ ಮಾಡಲು ಬರುವುದಿಲ್ಲ. ಅವರು ನಡೆಯಬೇಕು ಅಂತಲೇ ರಸ್ತೆ ಸಪಾಟು ಮಾಡಿದರು ಅನ್ನುವುದು ನನ್ನ ಗುಮಾನಿ. ನನ್ನ ಸಿಟ್ಟು ಇಲ್ಲಿಗೇ. ಒಬ್ಬರೇ ಬರುವವರಿಗೆ ಪಕ್ಕದಲ್ಲಿ ಒಂದು ಬಾಗಿಲು ಇಡಿ, ಯಾರು ಬೇಡ ಅಂದರು? ಆದರೆ ನಾಲ್ಕು ಜನ ಸೇರಿ ಹೋದರೂ ಅದೇ ಸಪಾಟು ರಸ್ತೆ ಯಾಕೆ? ಹಳೇ ದಾರಿಯನ್ನು ನಾಲ್ವರ ತಂಡಕ್ಕೆ ಅಂತ ಹಾಗೇ ಬಿಡಬಹುದಿತ್ತು.

ಇದಕ್ಕಿಂತ ಮೊದಲೂ ಸುಲಭ ಮಾಡಿದ್ದಿದೆ. ಓಡಿದರೆ, ಹೊಡೆದರೆ ಖರ್ಚಾಗುವ ಟಿಪಿ ಅಂತ ಒಂದು ಶಕ್ತಿಯ ಲೆಕ್ಕ ಇತ್ತಂತೆ, 2019ರಲ್ಲಿ ತೆಗೆದುಹಾಕಿದರು. ಅದು ಹೋಗಿದ್ದಕ್ಕೆ ತಮ್ಮನೇ ಅಳುತ್ತಿಲ್ಲ, ನನಗ್ಯಾಕೆ ಬೇಕು.

ನಮ್ಮ ಕಡೆ ಅಡಿಕೆ ಸುಲಿಯುವ ಮಷಿನ್ ಬಂದಾಗಲೂ ಹೀಗೇ ಆಯಿತು. ಮೊದಲು ಕೊಯ್ಲಿನ ಕಾಲದಲ್ಲಿ ರಾತ್ರಿ ಸುತ್ತ ಕೂತು ಸುಲಿಯುತ್ತಿದ್ದರು. ಊರಿನ ಸುದ್ದಿ, ಜಗಳ, ಮದುವೆ ಮಾತುಕತೆ ಎಲ್ಲ ಅಲ್ಲೇ. ಈಗ ಕೆಲಸಕ್ಕೆ ಜನ ಸಿಗುವುದಿಲ್ಲ, ಮಷಿನ್ ಬೇಡ ಅಂದರೆ ಅಡಿಕೆ ಕೊಳೆಯುತ್ತದೆ. ಮಷಿನ್ ತಂದವರನ್ನು ಬೈಯಲಿಕ್ಕಾಗದು. ಆದರೆ ಜನ ಸೇರಿ ಕೂರಲು ಬೇರೆ ನೆಪ ಯಾರೂ ಹುಡುಕಲಿಲ್ಲ.

ಈ ಆಟದವರು ಆ ನೆಪ ಹುಡುಕಿದ್ದಾರೆ, ಅದಕ್ಕೆ ಶಹಬ್ಬಾಸ್ ಅನ್ನಬೇಕು. 'ರೂಲೆಟ್' ಅಂತ ಒಂದಿದೆ. ದಿನಕ್ಕೊಮ್ಮೆ ಅದನ್ನು ಒತ್ತಿದರೆ ಯಾವುದಾದರೂ ಒಂದು ಹಳೇ ಡಂಜನ್‌ಗೆ ಬೇರೆಯವರ ಜೊತೆ ಕಳಿಸುತ್ತದೆ, ಒಳ್ಳೆ ಬಹುಮಾನ ಕೊಡುತ್ತದೆ. ದೊಡ್ಡ ಲೆವೆಲ್‌ನವರ ಶಕ್ತಿ ಆ ಡಂಜನ್ನಿನ ಮಟ್ಟಕ್ಕೆ ಇಳಿಯುತ್ತದೆ. ತಂಡದಲ್ಲಿ ಮೊದಲ ಸಲ ಬಂದವರಿದ್ದರೆ ಎಲ್ಲರಿಗೂ ಹೆಚ್ಚುವರಿ ಬಹುಮಾನ. ಹಾಗಾಗಿ ಹೊಸಬರನ್ನು ಕಂಡರೆ ಹಳಬರಿಗೆ ಖುಷಿ. ಹತ್ತು ವರ್ಷ ದಾಟಿದ ಆಟದ ಮೊಟ್ಟಮೊದಲ ಗುಹೆಗೂ ಇವತ್ತು ಜನ ಸಿಗುತ್ತಾರೆ ಅಂದರೆ ಇದರಿಂದಲೇ. ಹೀಲರ್ ಅಥವಾ ಟ್ಯಾಂಕ್ ಆದರೆ ಬೇಗ ಸಿಗುತ್ತಾರೆ, ಹೊಡೆಯುವವರಾದರೆ ಸ್ವಲ್ಪ ಕಾಯಬೇಕು. ಕಂಪ್ಯೂಟರ್ ಜೊತೆಗಾರರೊಂದಿಗೆ ಹೋದರೆ ಈ ಬಹುಮಾನ ಇಲ್ಲ. ಅದು ಸರಿಯಾಗೇ ಇದೆ.

ಒಬ್ಬರೇ ದಾಟಲು ಬಾರದ ಜಾಗಗಳನ್ನೂ ಉಳಿಸಿದ್ದಾರೆ. 'ಕ್ರಿಸ್ಟಲ್ ಟವರ್' ಅಂತ 24 ಜನರ ಕಾಳಗಗಳಿವೆ, 2020ರಿಂದ ಅವು ಮುಖ್ಯ ಕಥೆಯಲ್ಲೇ ಸೇರಿವೆ. ಅದರಲ್ಲಿ ಬೆಹೆಮತ್ ಅನ್ನುವ ದೈತ್ಯ ಉಲ್ಕೆ ಬೀಳಿಸುವಾಗ ಮೊದಲೇ ಬಿದ್ದ ಬಂಡೆಯ ಹಿಂದೆ ಅಡಗಬೇಕು. ಗೊತ್ತಿದ್ದವರು ಓಡುತ್ತಾರೆ, ಗೊತ್ತಿಲ್ಲದವರು ನಿಂತಲ್ಲೇ ಸಾಯುತ್ತಾರೆ. ಬದುಕಿದವರು ಬಂದು ಎಬ್ಬಿಸುತ್ತಾರೆ. ನನ್ನನ್ನು ಎಬ್ಬಿಸಿದವರ ಹೆಸರು ಜಪಾನಿ ಹೆಸರಿನ ಹಾಗೆ ಇತ್ತು, ಓದುವಷ್ಟರಲ್ಲಿ ಅವರು ಮುಂದೆ ಹೋಗಿಯಾಗಿತ್ತು.

'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಕೂಡ ಇದೇ ಹಾದಿ ತುಳಿದಿದೆ. 2004ರಲ್ಲಿ ಶುರುವಾದ ಆ ಆಟದಲ್ಲಿ ದೊಡ್ಡ ಕಾಳಗಗಳಿಗೆ 40 ಜನ ಬೇಕಿತ್ತು, ಡಂಜನ್‌ಗೆ ಹೋಗಲು ಚಾಟ್‌ನಲ್ಲಿ ಕೂಗಿ ಕೂಗಿ ಜನ ಸೇರಿಸಬೇಕಿತ್ತು. 2009ರ ಡಿಸೆಂಬರ್‌ನಲ್ಲಿ ಡಂಜನ್ ಫೈಂಡರ್ ಬಂತು, ಬಟನ್ ಒತ್ತಿದರೆ ತಂಡ ತಯಾರು. 2024ರ ಜನವರಿಯಲ್ಲಿ ಕಂಪ್ಯೂಟರ್ ಜೊತೆಗಾರರೂ ಬಂದರು. ನಡುವೆ 2019ರಲ್ಲಿ ಹಳೇ ಆಟವನ್ನೇ 'ಕ್ಲಾಸಿಕ್' ಅಂತ ಮತ್ತೆ ಬಿಟ್ಟಾಗ ಒಳಗೆ ಹೋಗಲು ಜನ ಸಾಲುಗಟ್ಟಿದ್ದರು. ಕೂಗಿ ತಂಡ ಕಟ್ಟುವ ತಾಪತ್ರಯವೇ ಎಷ್ಟೋ ಜನರಿಗೆ ಬೇಕಾಗಿತ್ತು ಅಂತಾಯಿತು. ನನಗೆ ಬೇಡ. ಅಷ್ಟು ಹೊತ್ತು ಕೂಗುತ್ತಾ ಕೂತರೆ ಬೆಳಿಗ್ಗೆ ಮಂಡಿಗೆ ಹೋಗುವವರು ಯಾರು?

ಫ್ರೀ ಟ್ರಯಲ್ ಹಾಕಿಕೊಳ್ಳುವವರು ಒಂದಿಷ್ಟು ಸಂಗತಿ ತಿಳಿದಿರಲಿ. ನಾವು ಶುರು ಮಾಡಿದಾಗ ಟ್ರಯಲ್‌ನವರು ತಾವಾಗಿ ತಂಡ ಕಟ್ಟುವ ಹಾಗಿರಲಿಲ್ಲ, ಖಾಸಗಿ ಸಂದೇಶ ಕಳಿಸುವ ಹಾಗಿರಲಿಲ್ಲ, ಸಂಘ ಸೇರುವ ಹಾಗಿರಲಿಲ್ಲ. ಆಟದೊಳಗಿನ ಮಾರುಕಟ್ಟೆ ಬಂದ್, ಅಲ್ಲಿನ ದುಡ್ಡಿಗೆ ಗಿಲ್ ಅನ್ನುತ್ತಾರೆ. ಕೈಯಲ್ಲಿ 3 ಲಕ್ಷ ಗಿಲ್‌ಗಿಂತ ಜಾಸ್ತಿ ನಿಲ್ಲುತ್ತಿರಲಿಲ್ಲ. ಅಂದರೆ ಒಬ್ಬರೇ ಆಡುವವರಿಗೆ ಎಲ್ಲ ದಾರಿ ತೆರೆದಿಟ್ಟು, ಜೊತೆ ಸೇರುವ ಬಾಗಿಲಿಗೆ ಬೀಗ! ವಂಚಕರು ನಕಲಿ ಖಾತೆ ಮಾಡಿ ಕಾಟ ಕೊಡಬಾರದು ಅಂತ ಇರಬಹುದು. ಆದರೆ ಅಕ್ಕ ತಮ್ಮ ಸೇರಿ ಆಡೋಣ ಅಂದರೂ ಕಷ್ಟವೇ ಇತ್ತು. ಮೂವರೂ ಟ್ರಯಲ್ ಆಗಿದ್ದರೆ ನಾವು ಒಂದೇ ಗುಹೆಗೆ ಹೋಗುವುದೇ ಆಗುತ್ತಿರಲಿಲ್ಲ. ದುಡ್ಡು ಕೊಟ್ಟು ಆಡುವ ತಮ್ಮ ಕರೆದಿದ್ದರಿಂದ ಸಾಧ್ಯವಾಯಿತು. ಒಬ್ಬರು ಕೊಂಡಿದ್ದರೆ ಸಾಕು, ಉಳಿದವರನ್ನು ಅವರು ಕರೆಯಬಹುದು.

ಹಾಗಾಗಿ ನನ್ನ ಸಲಹೆ ಇಷ್ಟು. ಕಥೆಯ ಡಂಜನ್ ಮೊದಲ ಸಲ ಒಬ್ಬರೇ ಹೋಗಿ, ದೃಶ್ಯ ನೋಡಿ, ಗೋಡೆ ನೋಡಿ. ಎರಡನೇ ಸಲ ರೂಲೆಟ್‌ನಲ್ಲಿ ಜನರ ಜೊತೆ ಹೋಗಿ. ಹೀಲರ್ ಆಗಲು ಹೆದರಬೇಡಿ, ಯಾರೂ ಬೈಯುವುದಿಲ್ಲ, ಕನಿಷ್ಠ ನನಗಂತೂ ಬೈದಿಲ್ಲ. ಕಾಸು ಕೊಟ್ಟು ಕೊಳ್ಳುವ ಆತುರವೂ ಬೇಡ. ಕೊಂಡರೆ ತಿಂಗಳ ಚಂದಾ ಬೇರೆ, ಅಮೆರಿಕದ ದರದಲ್ಲಿ 12.99 ಡಾಲರ್‌ನಿಂದ ಶುರು. ಒಮ್ಮೆ ಕೊಂಡ ಖಾತೆ ಮತ್ತೆ ಫ್ರೀ ಟ್ರಯಲ್‌ಗೆ ವಾಪಸ್ ಬರುವುದಿಲ್ಲ. ಭಾವ ಇನ್ನೂ ಟ್ರಯಲ್‌ನಲ್ಲೇ ಇದ್ದಾನೆ, "70 ಆಗ್ಲಿ, ಆಮೇಲೆ ನೋಡುವ" ಅನ್ನುತ್ತಾನೆ.